ಗುರುವಾರದ ಫೈಲು

ಮೈಸೂರು ಪೇಟದ ಒಳಗೆ ಒಂದು ವಾಸನೆ ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಾಡಿಗೆಗೆ ತಂದ ಪೇಟ, ಹಿಂದಿನ ವಾರ ಇನ್ಯಾರದೋ ತಲೆಯ ಮೇಲೆ ಕೂತಿದ್ದು. ಅವರ ಎಣ್ಣೆ, ಅವರ ಬೆವರು ಎಲ್ಲ ಒಳಗಿನ ಬಟ್ಟೆಯಲ್ಲಿ ಉಳಿದಿರುತ್ತದೆ. ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸಭಾಭವನದಲ್ಲಿ ಅದನ್ನು ನನ್ನ ತಲೆಗೆ ಇಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಲ್ಲು ಕಿರಿದೆ. ಆ ಫೋಟೋ ಇವತ್ತಿಗೂ ನಮ್ಮ ಮನೆಯ ಗೋಡೆಯ ಮೇಲಿದೆ, ಅಮ್ಮ ತೆಗೆಯಲು ಬಿಡುವುದಿಲ್ಲ.

ವೇದಿಕೆಯ ಹಿಂದೆ ಗೋಡೆಯಗಲ ಫ್ಲೆಕ್ಸ್ ಕಟ್ಟಿದ್ದರು. ‘ಸೂರ್ಯನನ್ನು ಭೂಮಿಗೆ ಇಳಿಸುತ್ತಿರುವ ನಮ್ಮ ನೆಲದ ಹೆಮ್ಮೆಯ ಪುತ್ರಿ’ ಎಂದು ಬರೆದು, ಕೆಳಗೆ ನನ್ನ ಮುಖ, ಮುಖದ ಪಕ್ಕದಲ್ಲಿ ನನ್ನ ಸಂಶೋಧನಾ ಪ್ರಬಂಧದಿಂದ ಎತ್ತಿಕೊಂಡ ಒಂದು ಗ್ರಾಫ್. ಅದರಲ್ಲಿ ಎರಡು ಗೆರೆ. ಕೆಂಪು ಗೆರೆ ಯಂತ್ರದಲ್ಲಿ ಅಳೆದದ್ದು, ನೀಲಿ ಗೆರೆ ನನ್ನ ಲೆಕ್ಕ ಹೇಳಿದ್ದು. ಎರಡೂ ಎಷ್ಟು ಅಂಟಿಕೊಂಡಿದ್ದವೆಂದರೆ ದೂರದಿಂದ ನೇರಳೆ ಬಣ್ಣದ ಒಂದೇ ಗೆರೆ ಕಾಣುತ್ತಿತ್ತು. ಭಾಷಣ ಮಾಡಿದವರೊಬ್ಬರು ಅದನ್ನು ಬೆರಳಿನಿಂದ ತೋರಿಸಿ, ಇದಕ್ಕಿಂತ ಸಾಕ್ಷಿ ಬೇಕೇ ಎಂದು ಕೇಳಿದರು. ಆ ಗ್ರಾಫ್ ಸುಳ್ಳು. ಅದು ಸುಳ್ಳೆಂದು ಆ ಸಭೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಅದೂ ಎರಡು ದಿನದಿಂದ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ತರೀಕೆರೆಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತೇನೆ; ಕಡೂರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಉಳಿದ ಹೊತ್ತಿನಲ್ಲಿ ಕಡೂರಿನ ಮನೆಯ ಮಹಡಿ ಕೋಣೆಯಲ್ಲಿ ಕೂತು ದೂರದೂರಿನ ದೊಡ್ಡ ಕಂಪ್ಯೂಟರಿಗೆ ಲೆಕ್ಕ ಕಳಿಸುತ್ತೇನೆ. ಸೂರ್ಯನಲ್ಲಿ ಆಗುವ ಹಾಗೆ ಜಲಜನಕದ ಕಣಗಳನ್ನು ಬೆಸೆದು ಶಕ್ತಿ ತೆಗೆಯಬೇಕೆಂದರೆ ಆ ಅನಿಲವನ್ನು ಕೋಟಿಗಟ್ಟಲೆ ಡಿಗ್ರಿ ಕಾಯಿಸಬೇಕು. ಹಾಗೆ ಕಾದದ್ದೇ ಪ್ಲಾಸ್ಮಾ. ಅದನ್ನು ಯಾವ ಪಾತ್ರೆಯೂ ತಡೆಯದು. ಅದಕ್ಕೇ ಉದ್ದಿನ ವಡೆಯ ಆಕಾರದ ಯಂತ್ರದೊಳಗೆ, ಗೋಡೆಗೆ ತಾಗದಂತೆ, ಆಯಸ್ಕಾಂತದ ಬಲದಿಂದ ಹಿಡಿದಿಡುತ್ತಾರೆ. ಹಿಡಿದಿಟ್ಟರೂ ಸುಮ್ಮನಿರುವ ಜಾತಿಯಲ್ಲ ಅದು. ಒಳಗೆ ಸಣ್ಣ ಸಣ್ಣ ಸುಳಿಗಳು ಎದ್ದು, ಬಿಸಿಯೂ ಕಣಗಳೂ ಆ ಸುಳಿಗಳ ಜೊತೆ ಆಚೆಗೆ ಸೋರುತ್ತವೆ. ಎಷ್ಟು ಸೋರುತ್ತದೆ, ಎಲ್ಲಿ ಸೋರುತ್ತದೆ ಎಂದು ಮೊದಲೇ ಹೇಳುವ ಲೆಕ್ಕದ ಮಾದರಿ ಕಟ್ಟುವುದು ನನ್ನ ಕಸುಬು. “ಸೋರೋದನ್ನ ನೋಡ್ತಾ ಕೂರೋಕೆ ಇಷ್ಟು ಓದ್ಬೇಕಿತ್ತಾ?” ಎಂದು ಅಮ್ಮ ಹಂಗಿಸುತ್ತಾಳೆ.

ಬಿಸಿಯದು ನೇರ ಸ್ವಭಾವ, ಕಾದ ಕಡೆಯಿಂದ ತಣ್ಣಗಿರುವ ಕಡೆಗೆ ಹೋಗುತ್ತದೆ. ಕಣಗಳದೇ ಕಿತಾಪತಿ. ಒಮ್ಮೊಮ್ಮೆ ಅದೇ ಸುಳಿಗಳು ಕಣಗಳನ್ನು ಹೊರಗೆ ಬಿಡುವ ಬದಲು, ಆಗಲೇ ಕಿಕ್ಕಿರಿದಿರುವ ನಡುಭಾಗಕ್ಕೇ ಎಳೆದು ತುಂಬುತ್ತವೆ. ನಡುವೆ ಹಾಗೆ ಗುಡ್ಡೆ ಕಟ್ಟಿದರೆ ಕೆಟ್ಟಿತು. ಯಂತ್ರದ ಗೋಡೆಯಿಂದ ಎದ್ದ ಟಂಗ್‌ಸ್ಟನ್ ಕೊಳೆಯೂ ಹಿಂದೆಯೇ ಒಳಗೆ ನುಗ್ಗಿ, ಇದ್ದಬದ್ದ ಬಿಸಿಯನ್ನೆಲ್ಲ ಬೆಳಕಾಗಿ ಚೆಲ್ಲಿ ಪ್ಲಾಸ್ಮಾವನ್ನೇ ಆರಿಸಿಬಿಡುತ್ತದೆ. ಗುಡ್ಡೆ ಕಟ್ಟುತ್ತದೆಂದು ಮೊದಲೇ ಗೊತ್ತಿದ್ದರೆ ಉಪಾಯವಿದೆ. ಕಾಯಿಸುವ ಅಲೆಗಳನ್ನು ನಡುವಿಗೇ ಗುರಿಯಿಟ್ಟರೆ ಕೊಳೆ ಹೊರಗೆ ಹೋಗುತ್ತದೆ. ಆದರೆ ಮೊದಲೇ ಗೊತ್ತಿರಬೇಕು.

ಹಾಗೆ ಮೊದಲೇ ಗೊತ್ತಿರಬೇಕಾಗಿದ್ದವಳು ನನ್ನ ಗೆಳತಿ. ದೇವನೂರಿನವಳು. ಕಡೂರಿನ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು, ಆಮೇಲೆ ಪಿಎಚ್.ಡಿ.ಗೂ ಒಬ್ಬರೇ ಗೈಡು. ನಾನು ಲೆಕ್ಕದ ಕಡೆ ವಾಲಿದೆ, ಅವಳು ಯಂತ್ರದ ಕಡೆ. ಉತ್ತರದ ಒಂದು ಪ್ರಯೋಗಾಲಯದಲ್ಲಿ ಅವಳದು ವರ್ಷವರ್ಷವೂ ಮುಂದುವರಿಸಬೇಕಾದ ಕೆಲಸ. ನಾಲ್ಕು ಸಲ ಅರ್ಜಿ ಹಾಕಿದ ಮೇಲೆ, ಆ ಯಂತ್ರದ ಮೇಲೆ ಅವಳದೇ ಪ್ರಯೋಗಕ್ಕೆ ಎರಡು ದಿನ ಕೊಟ್ಟಿದ್ದರು, ಒಂದು ಸೋಮವಾರ, ಒಂದು ಮಂಗಳವಾರ. ಆ ಎರಡು ದಿನದಲ್ಲಿ ಪ್ಲಾಸ್ಮಾ ಆರದೆ ನಿಂತರೆ ಅವಳ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಆ ವರ್ಷಕ್ಕೇ ಮುಗಿಯಿತು.

“ನಿನ್ನ ಗೆರೆ ನಂಬ್ಕೊಂಡಿದೀನಿ ಕಣೇ,” ಎಂದಿದ್ದಳು ಫೋನಿನಲ್ಲಿ. “ನಡುವೆ ಗುಡ್ಡೆ ಕಟ್ಟಲ್ಲ ಅಂತ ನೀನು ಹೇಳಿದ್ದಕ್ಕೇ ಕಾಯ್ಸೋದನ್ನ ಅಂಚಿಗೆ ಇಟ್ಟಿರೋದು. ಶುಕ್ರವಾರ ಸಾಯಂಕಾಲ ಐದಕ್ಕೆ ಪ್ಲಾನು ಮುಚ್ಚಿಬಿಡ್ತಾರೆ. ಆಮೇಲೆ ಬ್ರಹ್ಮ ಬಂದ್ರೂ ಬದಲಾಯ್ಸಲ್ಲ.”

“ಕಣ್ಣು ಮುಚ್ಕೊಂಡು ನಂಬು,” ಎಂದಿದ್ದೆ ನಾನು. ಆ ಮಾತು ನೆನೆದರೆ ಈಗಲೂ ನಾಲಿಗೆ ಕಹಿಯಾಗುತ್ತದೆ.

ಆ ಸೋಮವಾರದ ಹಿಂದಿನ ಬುಧವಾರ ರಜೆ ಇತ್ತು. ಅಜ್ಜಂಪುರದಲ್ಲಿ ನನ್ನ ಸೋದರಮಾವ ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದರು, ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸಿಪ್ಪೆ ಸುಲಿಯದ ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಚೆನ್ನಾಗಿ ಒಣಗಿದ್ದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಸರಿಯಾಗಿ ಒಣಗದ್ದು ಒಳಗೇ ಕೊಳೆತು ಕೌಟು ಹಿಡಿದಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಕೊಳ್ಳಲು ಬಂದಿದ್ದವರು ತರೀಕೆರೆಯ ಸಾಹೇಬರು, ಅವರ ತಂದೆಯ ಕಾಲದಿಂದಲೂ ಈ ಮನೆಗೆ ಅವರೇ. ಬಂದವರು ಕಾಯಿಯ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೊಣಕೈವರೆಗೂ ಕೈ ತೂರಿಸಿ, ತಳದಿಂದ ಒಂದು, ಬದಿಯಿಂದ ಒಂದು ಎತ್ತಿ ಒಡೆಸುತ್ತಿದ್ದರು. ಮಾವ ಮಾತ್ರ ಜಗಲಿಯ ಆ ತುದಿಯಲ್ಲಿ ಕೈಕಟ್ಟಿ ಕೂತಿದ್ದರು.

ನನಗೆ ಉಪಕಾರ ಮಾಡುವ ಹುಮ್ಮಸ್ಸು. ಮೂರು ನಾಲ್ಕು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ, ಜೋರಾಗಿ ಸದ್ದು ಮಾಡಿದ್ದನ್ನು ಆರಿಸಿ, “ಇದನ್ನ ಒಡ್ಸಿ ನೋಡಿ,” ಎಂದು ಅವರ ಕೈಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ಬೇಸರವನ್ನೂ ತೋರಿಸಲಿಲ್ಲ.

“ನೀವು ಕೊಟ್ಟಿದ್ದು ಬ್ಯಾಡಮ್ಮ,” ಎಂದರು. “ನೀವು ಕೊಟ್ಟಿದ್ದನ್ನೇ ಒಡೆದ್ರೆ ನಿಮ್ಮ ಮನಸ್ಸು ಗೊತ್ತಾಗ್ತದೆ, ರಾಶಿ ಗೊತ್ತಾಗಲ್ಲ.”

ಮಾವನಿಗೆ ಮುಖ ಕೆಂಪಾಯಿತು. “ಏನವ್ವಾ ನೀನು, ಓದಿರೋಳು. ಮಾರೋ ಮನೆಯೋರು ರಾಶಿಗೆ ಕೈ ಹಾಕ್ತಾರಾ? ಅಸಿಂಗ ಕಣವ್ವ ಅದು,” ಎಂದು ಗದರಿದರು. ಅವರು ಕೈಕಟ್ಟಿ ದೂರ ಕೂತಿದ್ದು ಯಾಕೆಂದು ನನಗೆ ಆಗ ತಿಳಿಯಿತು. ನಾಚಿಕೆಯಾಗಿ ಒಳಗೆ ಹೋಗಿ ಕೈ ತೊಳೆದೆ.

ಕಡೂರಿಗೆ ಮರಳುವ ಬಸ್ಸಿನಲ್ಲಿ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ನನ್ನ ಲೆಕ್ಕ ಶುರುವಾಗಬೇಕಾದರೆ, ಯಂತ್ರದೊಳಗೆ ಎಲ್ಲಿ ಎಷ್ಟು ಕಣಗಳಿವೆ ಎಂದು ತೋರಿಸುವ ಒಂದು ಆರಂಭದ ಗೆರೆ ಅದಕ್ಕೆ ಕೊಡಬೇಕು. ನಾನು ಯಾವಾಗಲೂ ಕೊಡುತ್ತಿದ್ದದ್ದು ಅಳೆದ ಗೆರೆಯನ್ನೇ, ಅಂದರೆ ಕೆಂಪು ಗೆರೆಯನ್ನೇ. ಅಲ್ಲಿಂದ ಹೊರಟ ಲೆಕ್ಕ ಸುಳಿಗಳ ಜೊತೆ ಅತ್ತಿತ್ತ ಸರಿದು, ಕೊನೆಗೆ ತಾನೇ ಕಂಡುಕೊಂಡ ಜಾಗಕ್ಕೆ ಬಂದು ನಿಲ್ಲಬೇಕು. ನನ್ನ ನೀಲಿ ಗೆರೆ ಎಂದಾದರೂ ಸರಿದದ್ದನ್ನು ನಾನು ನೋಡಿದ್ದೇನೆಯೇ? ಕೊನೆಯ ಚಿತ್ರ ನೋಡಿದ್ದೆ, ಕುಣಿದಿದ್ದೆ. ನಡುವಿನದನ್ನು ನೋಡಿರಲಿಲ್ಲ. ನಾನೇ ಆರಿಸಿದ ಕಾಯಿಯನ್ನು ನಾನೇ ಒಡೆದು ನೋಡಿದ ಹಾಗೆ ಆಗಿದ್ದರೆ ಎಂಬ ಯೋಚನೆ ಬೀರೂರು ದಾಟುವ ಹೊತ್ತಿಗೆ ಬಂತು.

ಗುರುವಾರ ಕಾಲೇಜಿಗೆ ಚಕ್ಕರ್ ಹೊಡೆದು ಬೆಳಿಗ್ಗೆಯೇ ಮಹಡಿಗೆ ಹತ್ತಿದೆ. ನಮ್ಮ ಕಸುಬಿನಲ್ಲಿ ಲೆಕ್ಕದ ಸೂಚನೆಗಳ ಫೈಲನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವ ಹಾಗೆ, ಹಳೆಯದನ್ನು ನಕಲು ಮಾಡಿ ನಾಲ್ಕು ಅಂಕಿ ಬದಲಿಸಿ ಕಳಿಸುತ್ತೇವೆ. ನನ್ನ ಫೈಲಿನಲ್ಲಿ ನಾನ್ನೂರು ಚಿಲ್ಲರೆ ಸಾಲು. ಒಂದೊಂದೇ ಓದುತ್ತಾ ಹೋದೆ. ಕೆಳಗೆ, ಯಾರೂ ಇಣುಕದ ಜಾಗದಲ್ಲಿ, ಕಣಗಳ ಲೆಕ್ಕಕ್ಕೆ ಒಂದು ಸ್ವಿಚ್ಚಿನ ಸಾಲು. ಒಂದು ಎಂದಿದ್ದರೆ ಲೆಕ್ಕ ನಡೆಸು ಎಂದರ್ಥ. ಸೊನ್ನೆ ಎಂದಿದ್ದರೆ ಕೊಟ್ಟ ಗೆರೆಯನ್ನು ಹಾಗೇ ಇಟ್ಟುಕೋ. ಅಲ್ಲಿ ಸೊನ್ನೆ ಇತ್ತು.

ಎರಡು ವರ್ಷದ ಹಿಂದೆ, ಏನೋ ಪರೀಕ್ಷೆ ಬೇಗ ಮುಗಿಯಲಿ ಎಂದು, ನಾನೇ ಆ ಸೊನ್ನೆ ಹಾಕಿದ್ದೆ. ತೆಗೆಯಲು ಮರೆತಿದ್ದೆ. ಆಮೇಲಿನ ಎಲ್ಲ ಫೈಲೂ ಅದೇ ಹೆಪ್ಪಿನವು. ಬಿಸಿಯ ಲೆಕ್ಕ ನಿಜವಾಗಿ ನಡೆದಿತ್ತು. ಕಣಗಳ ಲೆಕ್ಕ ನಡೆದೇ ಇರಲಿಲ್ಲ. ಕೆಂಪು ಗೆರೆಯನ್ನು ಕೊಟ್ಟು ಕೆಂಪು ಗೆರೆಯನ್ನೇ ವಾಪಸ್ ತೆಗೆದುಕೊಂಡು, ಅದಕ್ಕೆ ನೀಲಿ ಬಣ್ಣ ಬಳಿದು, ಆಹಾ ಎಷ್ಟು ಚೆನ್ನಾಗಿ ಹೊಂದಿತು ಎಂದು ಪ್ರಬಂಧ ಬರೆದಿದ್ದೆ. ಗೆಳತಿಯ ಹೊಸ ಪ್ರಯೋಗಕ್ಕೆ ಕೊಟ್ಟಿದ್ದೂ ಭವಿಷ್ಯವಲ್ಲ, ಆ ಯಂತ್ರದ ಹಳೆಯ ಯಾವುದೋ ದಿನದ ಗೆರೆ. ಥೂ ನನ್ನ ಜನ್ಮಕ್ಕೆ ಎಂದುಕೊಂಡೆ.

ಸ್ವಿಚ್ಚನ್ನು ಒಂದು ಮಾಡಿ, ಗೆಳತಿಯ ಪ್ಲಾನಿನ ಅಂಕಿಗಳನ್ನೇ ಇಟ್ಟು, ಲೆಕ್ಕ ಮತ್ತೆ ಕಳಿಸಿದೆ. ಸಂಜೆ ನಾಲ್ಕೂವರೆಗೆ ಉತ್ತರ ಬಂತು. ಲೆಕ್ಕ ಮುಗಿದ ಹೊತ್ತನ್ನು ಕಂಪ್ಯೂಟರ್ ತಾನೇ ಫೈಲಿನ ತುದಿಯಲ್ಲಿ ಬರೆಯುತ್ತದೆ. ಗೆರೆ ಅಂಚಿನಿಂದ ಹೊರಟು ನಡುವಿಗೆ ಬರುತ್ತಾ ಏರುತ್ತಲೇ ಹೋಗಿತ್ತು. ಗುಡ್ಡೆ ಕಟ್ಟುತ್ತಿತ್ತು. ಕಾಯಿಸುವುದನ್ನು ಅಂಚಿಗೆ ಇಟ್ಟ ಅವಳ ಪ್ಲಾನು ಪ್ಲಾಸ್ಮಾವನ್ನು ಉಸಿರುಗಟ್ಟಿಸುತ್ತದೆ ಎಂದು ಹೇಳಲು ಇನ್ನೊಂದು ಲೆಕ್ಕ ಬೇಕಿರಲಿಲ್ಲ.

ಮೊದಲು ಅವಳಿಗೆ ಫೋನು ಮಾಡಬೇಕಿತ್ತು. ನಾನು ಗೈಡಿಗೆ ಮಾಡಿದೆ. ಪ್ರಬಂಧದಲ್ಲಿ ಅವರ ಹೆಸರೂ ಇತ್ತು. ಎಲ್ಲ ಕೇಳಿಸಿಕೊಂಡು, “ನೋಡಮ್ಮಾ, ಗಾಬರಿ ಬೇಡ. ಯಾರ ಮಾಡೆಲ್ಲೂ ಅಷ್ಟೊಂದು ಪತಿವ್ರತೆ ಅಲ್ಲ,” ಎಂದು ನಕ್ಕರು. “ಪ್ರಯೋಗ ಆಗಲಿ. ಸರಿಹೋದರೆ ಸರಿ. ಇಲ್ಲದಿದ್ದರೆ ಯಂತ್ರದಲ್ಲಿ ಸಾವಿರ ಕಾರಣ ಇರ್ತವೆ. ಶನಿವಾರ ತರೀಕೆರೆಯಲ್ಲಿ ಸನ್ಮಾನ ಇದೆಯಲ್ಲ, ಅದು ಮುಗಿಸು ಮೊದಲು.” ಆ ನಗು ನನಗೆ ಹೇಸಿಗೆ ಹುಟ್ಟಿಸಿತು ಎಂದು ಬರೆಯುವುದು ಸುಲಭ. ಹುಟ್ಟಿಸಿತು, ನಿಜ. ಆದರೆ ಅದರ ಜೊತೆಗೇ, ಹೊಟ್ಟೆಯ ತಳದಲ್ಲಿ, ಸದ್ಯ ಎಂಬ ನೆಮ್ಮದಿಯೂ ಹುಟ್ಟಿತು. ಹೇಸಿಗೆ ಪಡಬೇಕಾದ್ದು ಅದಕ್ಕೆ.

ಶುಕ್ರವಾರ ಮೂರು ಪಾಠ ಮುಗಿಸಿ ನಾಲ್ಕು ಗಂಟೆಗೆ ಮನೆಗೆ ಬಂದೆ. ಅಮ್ಮ ಹಾಲ್ ತುಂಬ ಸೀರೆ ಹರಡಿಕೊಂಡಿದ್ದಳು. ನಾಳೆ ಮುಂದಿನ ಸಾಲಿನಲ್ಲಿ ಕೂರುವವಳು ಯಾವುದು ಉಡಬೇಕೆಂದು ಪಕ್ಕದ ಮನೆಯಾಕೆಯನ್ನು ಕರೆಸಿ ಕೇಳುತ್ತಿದ್ದಳು. “ಸೂರ್ಯನ್ನ ಇಳಿಸ್ತಾಳಂತೆ, ಬಚ್ಚಲ ಒಲೆ ಹಚ್ಚೋಕೆ ಬರಲ್ಲ ನನ್ನ ಮಗಳಿಗೆ,” ಎಂದು ಅವಳು ಹೇಳಿದ್ದಕ್ಕೆ ಇಬ್ಬರೂ ನಗುತ್ತಿದ್ದರು. ನಾನು ಫೋನು ಹಿಡಿದುಕೊಂಡು ಮಹಡಿಗೆ ಹೋದೆ. ಗೆಳತಿಯ ಹೆಸರಿನ ಮೇಲೆ ಬೆರಳಿಟ್ಟೆ. ಈಗ ಹೇಳಿದರೆ ಅವಳು ಪ್ಲಾನು ಬದಲಿಸುತ್ತಾಳೆ, ಯಾಕೆ ಎಂದು ಅಲ್ಲಿ ಕೇಳುತ್ತಾರೆ, ಇವತ್ತೇ ಎಲ್ಲರಿಗೂ ಗೊತ್ತಾಗುತ್ತದೆ, ನಾಳೆ ಆ ಫ್ಲೆಕ್ಸ್ ಮುಂದೆ ನಾನು ಹೇಗೆ ನಿಲ್ಲಲಿ? ನಾಳೆ ಮುಗಿಯಲಿ, ಒಂದೇ ಒಂದು ದಿನ ಎಂದುಕೊಂಡೆ. ಗೋಡೆ ಗಡಿಯಾರದಲ್ಲಿ ನಾಲ್ಕೂಮುಕ್ಕಾಲು. ಮಂಚದ ಮೇಲೆ ಕೂತು, ಐದಾಗುವುದನ್ನು ನೋಡಿದೆ. ಮರೆತೆ ಎಂದು ಹೇಳುವ ಹಾಗಿಲ್ಲ, ಮುಳ್ಳನ್ನೇ ನೋಡುತ್ತಾ ಕೂತಿದ್ದೆ.

ಶನಿವಾರದ ಪೇಟದ ವಿಷಯ ಹೇಳಿದೆನಲ್ಲ. ಶಾಲು, ಹಣ್ಣಿನ ಬುಟ್ಟಿ, ಎಂಟು ಜನರ ಭಾಷಣ. ಒಬ್ಬರು ನನ್ನ ವಿಜ್ಞಾನವನ್ನು ನಮ್ಮ ಪೂರ್ವಿಕರು ಆಗಲೇ ಕಂಡುಹಿಡಿದಿದ್ದರು ಎಂದರು. ಅದಕ್ಕೂ ತಲೆಯಾಡಿಸಿದೆ. ನನ್ನದೇ ಸುಳ್ಳಿನ ಕೆಳಗೆ ಕೂತು ಅವರದನ್ನು ತಿದ್ದಲು ನನಗೆ ಯಾವ ಮುಖ?

ಸಭೆ ಮುಗಿದ ಮೇಲೆ ಅಮ್ಮನನ್ನು ಕಡೂರಿನ ಬಸ್ಸಿನಲ್ಲಿ ಸೀಟು ಹಿಡಿದು ಕೂರಿಸಿ, ಬಸ್ ಸ್ಟ್ಯಾಂಡಿನ ಶೌಚಾಲಯದ ಗೋಡೆಯ ಪಕ್ಕ ನಿಂತು ಫೋನು ಮಾಡಿದೆ. ಗದ್ದಲ ಕಡಿಮೆ ಇದ್ದದ್ದು ಅಲ್ಲೊಂದೇ ಕಡೆ. ಮೂಗು ಮುಚ್ಚಿಕೊಂಡು, ಸ್ವಿಚ್ಚು, ಸೊನ್ನೆ, ಏರುವ ಗೆರೆ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ.

“ಪ್ಲಾನು ನೆನ್ನೆ ಐದಕ್ಕೆ ಮುಚ್ಚೋಯ್ತು,” ಎಂದಳು ಅವಳು.

“ಗೊತ್ತು.”

“ನಿಂಗೆ ಯಾವಾಗ ಗೊತ್ತಾಯ್ತು?”

ಇವತ್ತು ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. “ಗುರುವಾರ,” ಎಂದೆ.

“ಗುರುವಾರಾನಾ,” ಎಂದಳು. ಬೈಯಲಿಲ್ಲ. ಫೋನು ಇಟ್ಟಳು. ಬಸ್ಸಿನಲ್ಲಿ ಅಮ್ಮ ಹಣ್ಣಿನ ಬುಟ್ಟಿಯಿಂದ ಒಂದು ಸೇಬು ತೆಗೆದು, ಸೆರಗಿನಲ್ಲಿ ಒರೆಸಿ ನನಗೆ ಕೊಟ್ಟಳು. ತಿಂದೆ.

ಸೋಮವಾರವೂ ಮಂಗಳವಾರವೂ ಅವಳ ಪ್ಲಾಸ್ಮಾ ಹೊತ್ತಿಕೊಂಡು, ನಡುವೆ ಗುಡ್ಡೆ ಕಟ್ಟಿ, ಕೊಳೆ ತುಂಬಿ, ಆರಿತು. ಹೊತ್ತಿಸಿದ ಪ್ರತಿ ಸಲವೂ ಹಾಗೇ. ಬುಧವಾರ ಅವಳಿಂದ ಒಂದು ಚಿತ್ರ ಬಂತು, ಆರುವ ಮೊದಲು ಅಳೆದ ಗೆರೆ. ನನ್ನ ಗುರುವಾರದ ಗೆರೆಯ ಮೇಲೆ ಇಟ್ಟು ನೋಡಿದೆ. ಅಂಟಿಕೊಳ್ಳಲಿಲ್ಲ, ಆದರೆ ಏರಿದ ರೀತಿ ಒಂದೇ, ಬೆರಳಗಲದ ವ್ಯತ್ಯಾಸ. ಕಣಗಳ ಬಗ್ಗೆ ನನ್ನ ಮಾದರಿ ತಾನಾಗಿ ಹೇಳಿದ ಮೊದಲನೆಯ ನಿಜ ಅದು.

ಚಿತ್ರದ ಕೆಳಗೆ ಅವಳ ನಾಲ್ಕು ಸಾಲು ಇದ್ದವು. ಇನ್ನೊಂದು ಅವಕಾಶ ಕೇಳುತ್ತಿದ್ದಾಳೆ. ಪ್ರಯೋಗ ಆದ ಮೇಲೆ ಹೊಂದಿಸಿದ ಲೆಕ್ಕವನ್ನು ಯಂತ್ರದ ದಿನ ಹಂಚುವ ಸಮಿತಿಯವರು ಮೂಸಿಯೂ ನೋಡುವುದಿಲ್ಲ. ಪ್ರಯೋಗಕ್ಕೆ ಮೊದಲೇ ಮುಗಿದ ಲೆಕ್ಕವೊಂದು ಇದನ್ನೇ ಹೇಳಿತ್ತು ಎಂದು ತೋರಿಸಿದರೆ ಮಾತ್ರ, ಕೆಟ್ಟಿದ್ದು ಪ್ಲಾನು, ಪ್ರಯೋಗದ ವಿಚಾರವಲ್ಲ ಎಂದು ಒಪ್ಪಬಹುದು. ‘ಗುರುವಾರದ ಫೈಲು ಬೇಕು. ತಾರೀಖು ಹೊತ್ತು ಎಲ್ಲ ಇರೋ ಹಾಗೇ. ಕಳಿಸ್ತೀಯಾ?’

ಕಳಿಸಿದರೆ ಸಮಿತಿಯ ಮುಂದೆ ಎರಡು ವಿಷಯ ಒಟ್ಟಿಗೇ ಹೋಗುತ್ತವೆ. ಲೆಕ್ಕ ಸರಿಯಿತ್ತು, ಪ್ಲಾನು ಮುಚ್ಚುವುದಕ್ಕೆ ಪೂರಾ ಒಂದು ದಿನ ಮೊದಲು ಅದು ನನ್ನ ಕೈಯಲ್ಲಿತ್ತು. ಗೈಡಿಗೆ ಮತ್ತೆ ಫೋನು ಮಾಡಿದೆ, ಯಾಕೆ ಮಾಡಿದೆನೋ. “ಓವರ್‌ರೈಟ್ ಆಗೋಯ್ತು ಅಂತ ಹೇಳು. ದಿನಾ ಆಗ್ತವೆ ಹಾಗೆ,” ಎಂದರು. ಈ ಸಲ ಅವರು ನಗಲಿಲ್ಲ. ದಿನಾ ಆಗುತ್ತವೆ, ನಿಜ. ಯಾರೂ ಅನುಮಾನ ಪಡುತ್ತಿರಲಿಲ್ಲ.

ನಾನು ಧೈರ್ಯವಂತೆ ಎಂದು ಯಾರೂ ತಿಳಿಯುವುದು ಬೇಡ. ಪೂರ್ತಿ ಒಂದು ದಿನ ಆ ಫೈಲನ್ನು ನೋಡುತ್ತಾ ಕೂತೆ, ಅಳಿಸುವ ಗುಂಡಿಯ ಹತ್ತಿರಕ್ಕೂ ಹೋಗಿ ಬಂದೆ. ಕೈಕಟ್ಟಿ ಜಗಲಿಯ ತುದಿಯಲ್ಲಿ ಕೂತ ಮಾವ ನೆನಪಾದರು. ರಾಶಿಗೆ ಕೈ ಹಾಕಬಾರದು, ಅಷ್ಟೇ ತಾನೇ. ಫೈಲನ್ನು ಇದ್ದ ಹಾಗೇ ಕಳಿಸಿದೆ. ಅದರ ಜೊತೆಗೆ, ಪ್ರಬಂಧ ತಪ್ಪೆಂದು ಅದನ್ನು ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆಗೆ ಬರೆದ ಕಾಗದದ ನಕಲನ್ನೂ.

ಗೈಡು ಅವತ್ತಿನಿಂದ ನನ್ನ ಫೋನು ಎತ್ತಿಲ್ಲ, ಅದರಿಂದ ನನಗೇನೂ ನಷ್ಟವಾಗಲಿಲ್ಲ. ಅಮ್ಮನಿಗೆ ಎಲ್ಲ ಹೇಳಿದೆ. “ಫೋಟೋ ಚೆನ್ನಾಗೈತೆ, ಇರ್ಲಿ ಬಿಡು,” ಎಂದಳು. ಫ್ಲೆಕ್ಸನ್ನು ಮಾವ ಕೇಳಿ ತೆಗೆದುಕೊಂಡು ಹೋದರು. ಗಟ್ಟಿ ಐತೆ, ಕಾಯಿ ಮುಚ್ಚೋಕೆ ಆಗ್ತೈತೆ ಅಂದರು.

ಗೆಳತಿಗೆ ಎರಡರ ಬದಲು ಒಂದು ದಿನ ಕೊಟ್ಟರು. ಕಾಯಿಸುವುದನ್ನು ನಡುವಿಗೆ ಇಟ್ಟಳು. ಪ್ಲಾಸ್ಮಾ ಆರದೆ ನಿಂತಿತು, ಅವಳ ಕೆಲಸವೂ ಉಳಿಯಿತು. ಇದು ನನಗೆ ಬೇರೆಯವರಿಂದ ತಿಳಿಯಿತು, ಅವಳು ಹೇಳಲಿಲ್ಲ. ಆ ನಾಲ್ಕು ಸಾಲಿನ ಮೇಲೆ ಅವಳಿಂದ ಒಂದಕ್ಷರ ಬಂದಿಲ್ಲ. ದೇವನೂರಿಗೆ ಬಂದಾಗ ಕಡೂರಿನಲ್ಲೇ ರೈಲು ಇಳಿಯುತ್ತಾಳೆ, ನಮ್ಮ ಮನೆ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ.

ಕಳೆದ ತಿಂಗಳು ಅವಳ ಪ್ರಬಂಧ ಪ್ರಕಟವಾಯಿತು. ಒಳ್ಳೆಯ ಕೆಲಸ. ಮೊದಲು ಓದಬೇಕಿದ್ದದ್ದು ಅದನ್ನು. ನಾನು ನೇರವಾಗಿ ಕೊನೆಗೆ, ಸಹಾಯ ಮಾಡಿದವರಿಗೆ ಕೃತಜ್ಞತೆ ಹೇಳುವ ಪ್ಯಾರಾಕ್ಕೆ ಹೋಗಿ, ನನ್ನ ಹೆಸರು ಹುಡುಕಿದೆ. ಇರಲಿಲ್ಲ. ಕಣ್ತಪ್ಪಿತೇನೋ ಎಂದು ಇನ್ನೊಂದು ಸಲ ಹುಡುಕಿದೆ.